ಗೋಡೆಯಾಚೆಯ ಅಮೋನಿಯಾ

ಅವ್ವಾ,

ಹೋದ ಬೇಸಿಗೆಯಲ್ಲಿ ನೀನು ಹಿತ್ತಿಲಲ್ಲಿ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದೆ. ಸೆರಗಿನಿಂದ ಕಣ್ಣೊರೆಸಿಕೊಂಡು, "ಏನೋ ಘಾಟು ಕಣೇ ರತ್ನ, ಗಂಟ್ಲೆಲ್ಲ ಉರೀತದೆ" ಅಂದೆ. ನಮ್ಮ ಗೋಡೆಗೆ ಅಂಟಿಕೊಂಡೇ ಕೋಲ್ಡ್ ಸ್ಟೋರೇಜ್ ಎದ್ದಿತ್ತಲ್ಲ. "ಅಮೋನಿಯಾ ಇರ್ಬೇಕವ್ವಾ, ಒಳಗೆ ತಣ್ಣಗಿಡೋಕೆ ಅದನ್ನೇ ಬಳಸ್ತಾರೆ" ಅಂದೆ ನಾನು. ಅಷ್ಟು ಸಾಕಾಯಿತು. ನೀನು ಚಪ್ಪಲಿ ಮೆಟ್ಟಿಕೊಂಡು ನೆಟ್ಟಗೆ ಅವರ ಗೇಟಿಗೆ ಹೋದೆ.

ಮ್ಯಾನೇಜರ್ ನಕ್ಕನಂತೆ. "ಅದು ಮೋರಿ ವಾಸ್ನೆ ಅಜ್ಜಿ. ವಯಸ್ಸಾಯ್ತು, ನಿಮ್ ಮೂಗು ಕೆಟ್ಟೈತೆ." ಎದುರುಮನೆ ಪುಟ್ಟತಾಯಮ್ಮನ ಮಗ ಅಲ್ಲೇ ಮೂಟೆ ಹೊರುತ್ತಾನೆ. ಅವಳೂ ನಿನಗೇ ಬುದ್ಧಿ ಹೇಳಿದಳು: "ಸುಮ್ಕೆ ಬುಡಕ್ಕ, ಹುಡುಗ್ರಿಗೆ ಕೆಲ್ಸ ಕೊಟ್ಟವ್ರೆ." ನೀನು ಬಿಟ್ಟೆಯಾ? ಮತ್ತೆ ಮತ್ತೆ ಹೋದೆ. ಪ್ರತಿಸಲವೂ ಅದೇ ಮೋರಿ, ಅದೇ ಮೂಗು. ಮಳೆಗಾಲದಲ್ಲಿ ಎದೆನೋವು ಬಂದು ನೀನು... ಅದಕ್ಕೂ ಆ ಗಾಳಿಗೂ ಸಂಬಂಧ ಇತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ಆದರೆ ನಿನ್ನ ಮೂಗು ಕೆಟ್ಟಿರಲಿಲ್ಲ.

ಮೊನ್ನೆ ಗುಬ್ಬಿಯ ಕಾಲೇಜಿನ ಲ್ಯಾಬಿನಲ್ಲಿ ಅಮೋನಿಯಂ ಲವಣಕ್ಕೆ ಕಾಸ್ಟಿಕ್ ಸೋಡಾ ಹಾಕಿ ಬಿಸಿಮಾಡಿ ತೋರಿಸುತ್ತಿದ್ದೆ. ಘಾಟು ಎದ್ದಿತು. ಪ್ರನಾಳದ ಬಾಯಿಗೆ ಹಿಡಿದ ಒದ್ದೆ ಲಿಟ್ಮಸ್ ಕಾಗದ ಕೆಂಪಿನಿಂದ ನೀಲಿಗೆ ತಿರುಗಿತು. ಮಕ್ಕಳು ಬರೆದುಕೊಂಡರು. ನನಗೆ ಮೈಯೆಲ್ಲ ಉರಿಯಿತು. ಇದನ್ನು ತೋರಿಸಬೇಕಾದ ಜಾಗ ಇದೇನಾ?

ಭಾನುವಾರ ಬೀದಿಯವರನ್ನೆಲ್ಲ ಹಿತ್ತಿಲಿಗೆ ಕರೆದೆ, ಮ್ಯಾನೇಜರನನ್ನೂ. ಮೊದಲು ಅವನ ಮೋರಿಯ ಮೇಲೇ ಒದ್ದೆ ಕಾಗದ ಹಿಡಿದೆ. ಕೆಂಪು ಕೆಂಪಾಗಿಯೇ ಉಳಿಯಿತು. ಗೋಡೆಯಿಂದ ಈಚೆ ಬಂದಿರುವ ಪೈಪಿನ ಜಾಯಿಂಟಿಗೆ ಹಿಡಿದೆ. ನೀಲಿ.

"ಪೇಪರ್ ಬಣ್ಣ ಬದ್ಲಾದ್ರೆ ಅದೇನ್ ಪ್ರೂಫಾ ಮೇಡಂ?" ಅಂದ.

ಗಾಜಿನ ಕಡ್ಡಿಯನ್ನು ಗಾಢ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿ ಅದೇ ಜಾಯಿಂಟಿನ ಹತ್ತಿರ ತಂದೆ. ದಟ್ಟ ಬಿಳಿ ಹೊಗೆ ಸುರುಳಿ ಸುರುಳಿಯಾಗಿ ಎದ್ದಿತು. "ಅಮೋನಿಯಾ ಇದ್ರೇನೇ ಹಿಂಗೆ ಹೊಗೆ ಕಟ್ಟೋದು. ಇದಕ್ಕೂ ವಯಸ್ಸಾಗಿದೆಯಾ ಸಾರ್?" ಅಂದೆ.

ಅವನು ಬಾಯಿ ತೆರೆಯುವ ಮೊದಲೇ ಪುಟ್ಟತಾಯಮ್ಮ ಕಿರುಚಿದಳು: "ಅಯ್ಯೋ, ನನ್ ಮಗ ದಿನಾ ಇದ್ನೇ ಕುಡೀತಾವ್ನಾ?" ಅವಳೇ ಮೊದಲು ಹೋಗಿ ಗೇಟಿಗೆ ಅಡ್ಡ ಕೂತದ್ದು. ಹಿಂದೆ ಇಡೀ ಬೀದಿ. ಮೆಷಿನ್ ನಿಲ್ಲಿಸಿ ಪೈಪ್ ಬದಲಾಯಿಸುವವರೆಗೆ ಒಬ್ಬರೂ ಏಳಲಿಲ್ಲ. ನೀನಿರಬೇಕಿತ್ತು...

ಇನ್ನೂ ಮುಗಿದಿಲ್ಲ. ಸೋರಿಕೆ ಆಗಿದ್ದು ಅದೊಂದೇ ದಿನ, ಹಿಂದೆ ಯಾರೂ ದೂರು ಕೊಟ್ಟೇ ಇರಲಿಲ್ಲ ಅಂತ ಈಗ ಮಾಲೀಕರು ಹೇಳುತ್ತಿದ್ದಾರೆ. ಬೀದಿಯವರೆಲ್ಲ ಸೇರಿ ಕೊಟ್ಟ ದೂರಿನ ಮೇಲೆ ಬರುವ ಮಂಗಳವಾರ ತುಮಕೂರಿನಲ್ಲಿ ಅಧಿಕಾರಿಗಳ ಮುಂದೆ ವಿಚಾರಣೆ. "ನಿಮ್ಗ್ಯಾಕ್ ಮೇಡಂ ಊರ ಉಸಾಬರಿ? ರಜ ಇಲ್ಲ" ಅಂದರು ಪ್ರಿನ್ಸಿಪಾಲರು. "ಸಂಬ್ಳ ಹಿಡ್ಕೊಳ್ಳಿ ಸಾರ್" ಅಂದುಬಂದೆ. ಪುಟ್ಟತಾಯಮ್ಮ ಮಗನನ್ನೂ ಕರೆದುಕೊಂಡು ಬರುತ್ತಾಳಂತೆ. ಕೆಲಸ ಹೋದರೆ ಹೋಗಲಿ ಅಂದಿದ್ದಾನೆ ಅವನು.

ಮೊದಲು ದೂರು ಕೊಟ್ಟವರು ಯಾರು ಅಂತ ಅಲ್ಲಿ ಕೇಳೇ ಕೇಳುತ್ತಾರೆ. ನಿನ್ನ ಹೆಸರು ಹೇಳುತ್ತೇನೆ, ಅವ್ವಾ. ಸಭಾಂಗಣದ ಕೊನೆಯಲ್ಲಿ ಕೂತವರಿಗೂ ಕೇಳಿಸಬೇಕು, ಅಷ್ಟು ಗಟ್ಟಿಯಾಗಿ.

ನಿನ್ನ
ರತ್ನ