ಹಕಾರ ಕಾಣೆಯಾದ ಪ್ರಕರಣ

ಬೋಗಾದಿ, ಮೈಸೂರು
೯ ನವೆಂಬರ್ ೨೦೨೫

ಗುಂಡ್ಲುಪೇಟೆ ಪಂಚರ್ ಅಂಗಡಿಯ ಯುವರಾಜ, ಪ್ರಿಯ ಸಿದ್ದುವಿಗೆ,

ವಿಜಿಯ ದೀರ್ಘದಂಡ ನಮಸ್ಕಾರಗಳು. ನಾನು ಕ್ಷೇಮ. ನಿನ್ನ ಕ್ಷೇಮ ಕೇಳೋಣವೆಂದರೆ ನೀನು ಫೋನ್ ಆಫ್ ಮಾಡಿ ಮಾವನ ಅಂಗಡಿಯಲ್ಲಿ ತಪಸ್ಸಿಗೆ ಕೂತ ಋಷಿ. ಅದಕ್ಕೇ ಕಾಗದ. ತಡವಾಯಿತು, ಕ್ಷಮಿಸು. ಅಂಚೆಚೀಟಿಗೆ ಎಂಜಲು ಹಚ್ಚಬೇಕೋ ಗೋಂದು ಹಚ್ಚಬೇಕೋ ಎಂಬ ಘನವಾದ ಪ್ರಶ್ನೆ ನಮ್ಮ ಮನೆಯಲ್ಲಿ ಒಂದು ವಾರ ಚರ್ಚೆಯಲ್ಲಿತ್ತು.

ನಮ್ಮ ಬೀರಮ್ಮಜ್ಜಿ ಗಟ್ಟಿಯಾಗಿದ್ದಾಳೆ. ಮೊನ್ನೆ ನಾನು “ಎಲ್ಲೆಮ್ಮೆಸ್ ಓಪನ್ ಆಗ್ತಿಲ್ಲ” ಎಂದು ಗೊಣಗಿದೆ. “ಎಲ್ಲೆಮ್ಮೆ ಅಂತ ಈಗ ಕೇಳ್ತೀಯಲ್ಲೋ? ಎಮ್ಮೆ ಕಟ್ತಿದ್ ಜಾಗ್ದಲ್ಲೆಲ್ಲ ಪೀಜಿ ಕಟ್ಬುಟ್ರಲ್ಲ!” ಅಂದಳು. ಹೀಗಾಗಿ ನಮ್ಮ ಆನ್‌ಲೈನ್ ಕಾಲೇಜಿನ ಪಾಠ, ನೋಟ್ಸು, ಉತ್ತರ, ಅಂಕ ಎಲ್ಲವೂ ಇರುವ ಆ ತಾಣಕ್ಕೆ ಈ ಮನೆಯಲ್ಲಿ ‘ಎಮ್ಮೆ’ ಎಂದೇ ಶಾಸ್ತ್ರೋಕ್ತ ನಾಮಕರಣವಾಗಿದೆ.

ಈಗ ವಿಷಯಕ್ಕೆ ಬರುತ್ತೇನೆ. ತಿಂಗಳು ಮುಗಿಯುವುದರೊಳಗೆ ನೀನು ಒಮ್ಮೆಯಾದರೂ ಲಾಗಿನ್ ಆಗದಿದ್ದರೆ ಎಮ್ಮೆ ತಾನಾಗಿಯೇ ನಿನ್ನ ಹೆಸರು ತೆಗೆದುಹಾಕುತ್ತದೆ. ಆಮೇಲೆ ಒಂದು ವರ್ಷ ಹೋದ ಹಾಗೆಯೇ ಕಣೋ.

ಪ್ರಕರಣದ ಹಿನ್ನೆಲೆ ನಿನಗೆ ಗೊತ್ತಿದೆ. ಆದರೂ ವರದಿ ಎಂದಮೇಲೆ ಮೊದಲಿನಿಂದ ಬರೆಯುವುದೇ ಸಂಪ್ರದಾಯ. ಹೊಯ್ಸಳರ ಬಗ್ಗೆ ತೇಜಸ್ವಿನಿ ಮೇಡಂ ಕೇಳಿದ ಪ್ರಶ್ನೆಗೆ ಎಲ್ಲರಿಗೂ ಕಾಣುವ ಚರ್ಚೆಯ ಪುಟದಲ್ಲಿ ನೀನು ಫೋನಿಗೆ ಹೇಳಿ ಬರೆಸಿದೆ. ಫೋನು ನೀನು ಅಂದ ಹಾಗೇ ಬರೆಯಿತು: “ಕಲ್ಲು ಕೆತ್ತಿದವರ ಎಸರು ಗೋಡೆ ಮೇಲೈತೆ, ಕಲ್ಲು ಒತ್ತವರ ಎಸರು ಎಲ್ಲಿ?” ಅದರ ಕೆಳಗೇ ಮೇಡಂ ಬರೆದರು: “ಸಿದ್ದು, ಹೆಸರೋ ಎಸರೋ? ಎಸರಾದರೆ ಅಕ್ಕಿ ಹಾಕಿ. ನಿಮ್ಮ ಹಕಾರಗಳೆಲ್ಲ ಎಲ್ಲಿ ಕಾಣೆಯಾದವು?” ಇಡೀ ತರಗತಿ ಹುಡುಕಿ ತಂದುಕೊಟ್ಟಿತು: ಹಹಹ, ಹಹಹಹ, ಪುಟ ತುಂಬ ಹಕಾರವೇ. ನಾನು ನೋಡುವಷ್ಟರಲ್ಲಿ ನೀನು ಎಲ್ಲ ಗುಂಪುಗಳಿಂದ ಹೊರಗೆ ಹೋಗಿದ್ದೆ.

ಆಮೇಲೆ ಏನಾಯಿತು ಗೊತ್ತಾ? ಯಾರೂ ಏನೂ ಬರೆಯಲಿಲ್ಲ. ನಕ್ಕವರಿಗೇ ಹೆಚ್ಚು ಭಯ. ಮೇಡಂ ಪ್ರಶ್ನೆ ಕೇಳುವುದು, ಕ್ಯಾಮೆರಾ ಆಫ್ ಮಾಡಿದ ಕಪ್ಪು ಚೌಕಗಳ ಆ ಕಡೆ ಯಾರ ಮನೆಯದೋ ಕುಕ್ಕರ್ ಸೀಟಿ ಹೊಡೆಯುವುದು, ಇಷ್ಟೇ ಕ್ಲಾಸು. ಆಗ ನಾನು ದೇಶಸೇವೆಗೆ ಇಳಿದೆ. ಮುಂದಿನ ಉತ್ತರವನ್ನು ಒಂದೂ ಹಕಾರವಿಲ್ಲದೆ ಬರೆದೆ: “ಅರಿಅರನೂ ಬುಕ್ಕನೂ ಅಂಪಿಯಲ್ಲಿ ಒಸ ಊರು ಕಟ್ಟಿದರು.” ಕೆಳಗೆ ಸಹಿ: ಇಂತಿ ತಮ್ಮ ವಿಧೇಯ, ಅಕಾರ ವಂಚಿತ ವಿಜಯ್‌ಕುಮಾರ್.

ಸಂಜೆ ಮೇಡಂ ಫೋನ್ ಮಾಡಿದರು. ನನ್ನ ಕಥೆ ಮುಗಿಯಿತು ಅಂದುಕೊಂಡೆ.

“ವಿಜಯ್, ಇದು ತಮಾಷೆನಾ, ಜಗಳಾನಾ?”

“ಎರಡೂ ಮೇಡಂ.”

ಅದಕ್ಕೆ ಮೇಡಂ ಅಂದರು: “ಎದುರಿಗೆ ಕೂತಿದ್ದಿದ್ರೆ ಸಿದ್ದು ಮುಖ ಕಾಣ್ತಿತ್ತು, ನಾನು ಅಲ್ಲೇ ಮಾತು ನಿಲ್ಲಿಸ್ತಿದ್ದೆ. ಪರದೆ ಮೇಲೆ ನಂಗೆ ಕಂಡಿದ್ದು ಅಕ್ಷರ ಮಾತ್ರ ಕಣಪ್ಪ.”

ಮರುದಿನ ಅದೇ ಪುಟದಲ್ಲಿ, ಎಲ್ಲರೂ ನಕ್ಕ ಜಾಗದಲ್ಲೇ, ನಿನ್ನ ಹೆಸರು ಬರೆದು ಕ್ಷಮೆ ಕೇಳಿದ್ದಾರೆ. ನಾಲ್ಕು ಜನರ ಮುಂದೆ ಆಡಿದ ಮಾತನ್ನು ನಾಲ್ಕು ಜನರ ಮುಂದೆಯೇ ಹಿಂದಕ್ಕೆ ತಗೋಬೇಕು ಅಂದರು. ಈಗ ತಪ್ಪು ತಿದ್ದುವುದೆಲ್ಲ ಅವರವರ ಪುಟದಲ್ಲಿ, ಗುಟ್ಟಾಗಿ, ಮೇಡಂ ದನಿಯಲ್ಲೇ ರೆಕಾರ್ಡ್ ಆಗಿ. ಮೊದಲು ಸರಿ ಇರುವುದನ್ನು ಹೇಳುತ್ತಾರೆ. ನನ್ನ ವಿಷಯದಲ್ಲಿ ಆ ಭಾಗ ಬಹಳ ಚಿಕ್ಕದು ಎನ್ನುವುದು ಬೇರೆ ಮಾತು. ಎರಡು ಗಂಟೆ ಸ್ಲೈಡು ಓದುವ ವ್ರತವನ್ನೂ ಬಿಟ್ಟಿದ್ದಾರೆ. ಡೇಟಾ ಖಾಲಿಯಾಗದಷ್ಟು ಪುಟ್ಟ ಪುಟ್ಟ ವಿಡಿಯೊ ಹಾಕುತ್ತಾರೆ, ಆಮೇಲೆ ಮಾತುಕತೆ. ಚರ್ಚೆಯಲ್ಲಿ ಮನೆಮಾತಿನಲ್ಲೇ ಬರೀರಿ, ಪರೀಕ್ಷೆಗೆ ಬೇಕಾದ ಕನ್ನಡವನ್ನ ಒಟ್ಟಿಗೆ ಕಲಿಯೋಣ ಅಂದಿದ್ದಾರೆ. ವಾರ ಪೂರ್ತಿ ಯಾರಾದರೂ ಕಾಣದಿದ್ದರೆ ಅವರೇ ಫೋನ್ ಮಾಡುತ್ತಾರೆ. ನಿನಗೆ ಎಷ್ಟು ಸಲ ಮಾಡಿದರೋ! ಸ್ವಿಚ್ ಆಫ್ ಅನ್ನುವ ಹೆಂಗಸಿಗೂ ಸಾಕಾಗಿ ಹೋಗಿರಬೇಕು.

ಕಲ್ಲು ಹೊತ್ತವರ ಹೆಸರು ಎಲ್ಲಿ? ನೀನು ಕೇಳಿದ ಆ ಪ್ರಶ್ನೆಯೇ ಈಗ ಇಡೀ ತರಗತಿಯ ಪ್ರಾಜೆಕ್ಟು. ಪ್ರಶ್ನೆ ಕೇಳಿದವನು ಪಂಚರ್ ಹಾಕುತ್ತಾ ಕೂತಿದ್ದರೆ ಉತ್ತರವನ್ನು ಯಾರಿಗೆ ಒಪ್ಪಿಸುವುದು? ನಿನ್ನ ಉತ್ತರದ ಕಿಟಕಿಯನ್ನು ಮೇಡಂ ಮುಚ್ಚಿಲ್ಲ. ಆದರೆ ತಿಂಗಳ ಕೊನೆ ಅವರ ಕೈಯಲ್ಲೂ ಇಲ್ಲ, ಅದು ಎಮ್ಮೆಯ ಕೈಯಲ್ಲಿದೆ. ಎಮ್ಮೆಗೆ ಕೈ ಇಲ್ಲ ಎಂದು ವಾದ ಮಾಡಬೇಡ.

ಮಾವನವರಿಗೆ ನಮಸ್ಕಾರ ತಿಳಿಸು. ವಯಸ್ಸಿನಲ್ಲಿ ನಿನಗಿಂತ ಮೂರು ತಿಂಗಳು ಹಿರಿಯನಾದ್ದರಿಂದ ಬಲಗೈ ಎತ್ತಿ ಹರಸುತ್ತಿದ್ದೇನೆ: ನಿನ್ನ ಟ್ಯೂಬು ಎಂದೂ ಲೀಕ್ ಆಗದಿರಲಿ, ನಿನ್ನ ಬಾಯಿ ಎಂದೂ ಮುಚ್ಚದಿರಲಿ.

ಇಂತಿ ನಿನ್ನ,
ವಿಜಿ

ತಾ.ಕ.: ನಿನ್ನ ವಿಳಾಸ ಕೇಳಲು ಕೆಸರೆಗೆ, ನಿಮ್ಮ ಮನೆಗೆ ಹೋಗಿದ್ದೆ. ಸಾಕಮ್ಮ, ಅದೇ ನಿಮ್ಮಮ್ಮ, ತಟ್ಟೆ ಇಟ್ಟು, “ಹೂಟ ಮಾಡ್ಕೊಂಡ್ ಹೋಗಪ್ಪ, ಬಿಸಿ ಹನ್ನ ಹೈತೆ” ಅಂದರು. ಏನಮ್ಮ ಇದು ಅಂತ ಕೇಳಿದೆ. ಸೆರಗಿನಿಂದ ಬಾಯಿ ಮುಚ್ಚಿಕೊಂಡರು. “ಅವ್ನು ಮಾತು ಕಲ್ತಿದ್ದು ನನ್ ಬಾಯಿಂದ ತಾನೇ? ನನ್ನಿಂದ್ಲೇ ಅವ್ನ ಓದು ನಿಂತೋಯ್ತು. ಅವ್ನು ಬರೋವೊತ್ಗೆ ನಾನು ಸರ್ಯಾಗ್ ಕಲ್ತಿರ್ತೀನಿ ಅಂತ ಏಳು... ಹೇಳು.” ನೀರು ಕುಡಿಯುವಾಗಲೂ ತಮ್ಮಷ್ಟಕ್ಕೆ ತಾವೇ ‘ಹ... ಹ...’ ಅಂತ ಅಂದುಕೊಳ್ಳುತ್ತಿದ್ದರು. ನಾನು ನಗಲಿಲ್ಲ ಕಣೋ. “ಹೂಟ ಚೆನ್ನಾಗಿತ್ತಮ್ಮ” ಅಂದು ಎದ್ದು ಬಂದೆ.