ಅಳಿಯನ ಟ್ರೇಲರ್, ಅಪ್ಪನ ಚಕ್ಕಡಿ

ಪಾಮರ್ಸ್ಟನ್ ನಾರ್ತ್, ೧೨-೩-೨೦೧೬

ತಂಗಿ ನೀಲವ್ವಗ ಅಕ್ಕನ ಆಶೀರ್ವಾದ.

ಪಾಪಕುರಾದ ಮನಿ ಬಿಟ್ಟು ಮೊನ್ನೆ ಈ ಊರಿಗೆ ಬಂದಿವಿ. ಸಾಮಾನೆಲ್ಲ ಅಳಿಯ ಬಸವಕಿರಣನ ಪಿಕಪ್ಪಿಗೆ ಕಟ್ಟಿದ ದೊಡ್ಡ ಟ್ರೇಲರ್‌ನ್ಯಾಗ ಬಂತು. ಅದರ ಕಬ್ಬಿಣದ ಕುತ್ತಿಗಿ ಬಾತುಕೋಳಿಯದರಂಗ ಬಾಗಿ ಪಿಕಪ್ಪಿನ ಬೆನ್ನ ಮ್ಯಾಲ ಕೂಡತದ. ಫ್ರಿಜ್ಜು, ವಾಷಿಂಗ್ ಮಶೀನು ಎಲ್ಲಾ ಬಾಲದ ಕಡೆ ಹೇರಿದ್ದ.

"ಹಿಂದ ಭಾರ ಆದ್ರ ನೊಗ ಮ್ಯಾಲ ಏಳತದ, ಮುಂದ ಸರಸಪ್ಪ" ಅಂದೆ. ನಾವು ಅಪ್ಪನ ಚಕ್ಕಡಿ ಹೇರಿದವರಲ್ಲೇನು!

"ಅತ್ತಿ, ಇದು ಚಕ್ಕಡಿ ಅಲ್ರಿ" ಅಂತ ನಕ್ಕ.

ಹತ್ತು ಮೈಲಿ ಹೋಗೂದ್ರಾಗ ಟ್ರೇಲರ್ ಓಲಾಡಾಕ ಹತ್ತಿತು, ಮಗಳು ಕಣ್ಣು ಮುಚ್ಚಿದಳು. ಗಾಡಿ ನಿಲ್ಲಿಸಿ, ನಾ ತೋರಿಸಿದಂಗ ಮತ್ತ ಹೇರಿದ. ನಾ ಹಿಂದಿನ ಸೀಟು ಹತ್ತಾಕ ಹೋದ್ರ, "ನೀವು ಮುಂದ ಬರ್ರಿ ಅತ್ತಿ, ಭಾರ ಮುಂದ ಇರಬೇಕಲ್ಲ" ಅಂದ.

ಘಟ್ಟ ಇಳಿದರೂ ಟ್ರೇಲರ್ ಅಲುಗಲಿಲ್ಲ. ಮುಂದ ಕಾಲು ಚಾಚಿ ಕೂತದ್ದಕ್ಕ ನನ್ನ ಹಳೇ ಮೊಣಕಾಲು ನೋವೂ ಕಾಡಲಿಲ್ಲ.

ನಿನ್ನ ಅಕ್ಕ
ದ್ರಾಕ್ಷಾಯಣಿ