ಹೆರಿಗೆ ಟೇಬಲ್ಲಿನ ಬೋಲ್ಟ್

ಮಾರ್ಚ್ 3, ಬೆಳಿಗ್ಗೆ

ಇವತ್ತೂ ಅನ್ನ ಸೀದಿದೆ. ಇವರು ಫ್ಯಾಕ್ಟರಿಯಲ್ಲಿ ಅಷ್ಟು ವರ್ಷ ಬಾಯ್ಲರ್ ನೋಡಿಕೊಂಡವರು, ಒಂದು ಪಾತ್ರೆ ಅನ್ನ ನೋಡಿಕೊಳ್ಳಲಾಗದೇ? ಕೇಳಿದ್ದು ನಾನಲ್ಲ, ಅತ್ತೆ.

"ಬಾಯ್ಲರ್‌ಗೆ ಗೇಜ್ ಇರತ್ತಮ್ಮ. ಇದಕ್ಕೇನಿದೆ?"

"ನಿನಗೆ ಮೂಗಿದ್ಯಲ್ಲೋ" ಎಂದರು ಅತ್ತೆ.

ಫ್ಯಾಕ್ಟರಿ ಮುಚ್ಚಿ ತಿಂಗಳಾಯಿತು. ಮನೆಯಲ್ಲಿ ಬಿಗಿ ಮಾಡದ ಸ್ಕ್ರೂ ಒಂದೂ ಉಳಿದಿಲ್ಲ. ಈಗ ಪಕ್ಕದ ಮನೆಯ ಗೇಟಿನ ಮೇಲೆ ಕಣ್ಣು ಬಿದ್ದಿದೆ. ಡ್ಯೂಟಿಗೆ ಹೊತ್ತಾಯಿತು.

ಮಾರ್ಚ್ 5

ಇನ್ನು ನಮ್ಮ ಸರದಿ. ಡಾಕ್ಟರಮ್ಮ ನರ್ಸ್‌ಗಳನ್ನೆಲ್ಲ ಕರೆದು ಹೇಳಿದರು: ಹದಿನೈದಕ್ಕೆ ಹೆರಿಗೆ ವಾರ್ಡ್ ಬಂದ್. ಆಸ್ಪತ್ರೆಯ ಉಳಿದ ಭಾಗ ಇರುತ್ತದಂತೆ. ಊರಲ್ಲಿ ಹೆರಿಗೆ ಕಡಿಮೆಯಾಗಿದೆ ಎಂಬುದು ಕಾರಣ. ಆಗದೆ ಏನು... ಫ್ಯಾಕ್ಟರಿ ಹೋದ ಮೇಲೆ ಹೆರುವ ವಯಸ್ಸಿನವರೆಲ್ಲ ಗಂಟುಮೂಟೆ ಕಟ್ಟುತ್ತಿದ್ದಾರೆ.

ನನ್ನನ್ನು ಏಪ್ರಿಲ್‌ನಿಂದ ದೊಡ್ಡಾಸ್ಪತ್ರೆಗೆ ಹಾಕಿದ್ದಾರೆ. ಬಸ್ಸಿನಲ್ಲಿ ಎರಡು ಗಂಟೆ. ಇರಲಿ, ಕೆಲಸ ಉಳಿಯಿತು.

ಚಿಂತೆ ನಾದಿನಿಯದು. ದಿನ ತುಂಬುತ್ತಿದೆ. ಗಂಡನೂ ಅದೇ ಫ್ಯಾಕ್ಟರಿಯವನು, ಕೆಲಸ ಹುಡುಕಿಕೊಂಡು ದೂರ ಹೋಗಿದ್ದಾನೆ, ಹಾಗಾಗಿ ನಮ್ಮಲ್ಲೇ ಇದ್ದಾಳೆ. ಮೊದಲನೆಯ ಮಗು ನೋವು ಶುರುವಾದ ಸ್ವಲ್ಪ ಹೊತ್ತಿಗೆ, ದಾರಿಯಲ್ಲೇ ಹುಟ್ಟಿತ್ತು. ಉಳಿಯಲಿಲ್ಲ. ಈ ಸಲದ ತಾರೀಖು ಇಪ್ಪತ್ತರ ಆಸುಪಾಸು. ವಾರ್ಡಿನ ವಿಷಯ ಕೇಳಿದವಳೇ ಎದ್ದು ಹೋಗಿ ಬಟ್ಟೆ ಮಡಚಿದಳು. ಮಡಚಿದ್ದನ್ನೇ ಮತ್ತೆ ಮಡಚಿದಳು.

ಮಾರ್ಚ್ 12

ಇವರಿಗೆ ಕೆಲಸ ಸಿಕ್ಕಿದೆ. ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡಿದ್ದರು. ಕಾಂಟ್ರಾಕ್ಟರ್ ಒಬ್ಬನ ಕೈಕೆಳಗೆ ವಾರ್ಡಿನ ಮಂಚ, ದೀಪ, ಟೇಬಲ್ ಬಿಚ್ಚಿ ಲಾರಿಗೆ ತುಂಬುವ ಕೆಲಸ. ನನ್ನ ವಾರ್ಡ್.

"ಆ ಕಾಂಟ್ರಾಕ್ಟರ್‌ಗೆ ಬೇರೆ ಯಾರೂ ಸಿಗ್ಲಿಲ್ವಾ?"

"ಬೇರೆಯವ್ರು ಸುತ್ತಿಗೇಲಿ ಹೊಡೆದು ಕೀಳ್ತಾರೆ ಕಣೆ. ನಾನು ಸ್ಪ್ಯಾನರ್ ಹಾಕಿ ಬಿಚ್ತೀನಿ."

ಗೋಡೆ ಕಡೆ ತಿರುಗಿ ಮಲಗಿದೆ. ನನ್ನ ಪಾದದ ಮೇಲೆ ಹೊದಿಕೆ ಎಳೆದರು. ಕಾಲು ಆಚೆ ಹಾಕಿದೆ. ಮತ್ತೆ ಎಳೆದರು. ಇಂಥ ಮನುಷ್ಯನ ಮೇಲೆ ಸಿಟ್ಟು ಕಾಪಾಡಿಕೊಳ್ಳುವುದೇ ಕಷ್ಟ.

ಮಾರ್ಚ್ 16

ನಿನ್ನೆ ವಾರ್ಡಿಗೆ ಬೀಗ ಬಿತ್ತು. ತಿಂಗಳ ಕೊನೆಯವರೆಗೆ ನನಗೆ ಓಪಿಡಿ ಡ್ಯೂಟಿ. ಅಲ್ಲಿನ ಕಿಟಕಿಯಿಂದ ವಾರ್ಡಿನ ಮೆಟ್ಟಿಲು ಕಾಣುತ್ತದೆ. ಬಾಣಂತಿ ಇನ್ನೂ ಮೇಲೆ ಮಲಗಿದ್ದಾಳೆ ಎನ್ನುವ ಹಾಗೆ ಇವರು ಒಂದೊಂದು ಮಂಚವನ್ನೂ ಮೆಟ್ಟಿಲಿಳಿಸುತ್ತಿದ್ದರು. ಕಾಂಟ್ರಾಕ್ಟರ್ ಅವಸರ ಮಾಡಿದ್ದಕ್ಕೆ, "ನಿಧಾನ ಸ್ವಾಮಿ, ನಮ್ಮನೆಯವ್ಳು ನೋಡ್ತಿದಾಳೆ" ಎಂದರಂತೆ.

ಮಾರ್ಚ್ 18

ಓಪಿಡಿ ಬಾಗಿಲಲ್ಲಿ ಕಾಂಟ್ರಾಕ್ಟರ್ ಸಿಕ್ಕಿದ.

"ಸಿಸ್ಟರ್, ಎಲ್ಲಾ ಆಯ್ತು. ಹೆರಿಗೆ ಟೇಬಲ್ ಒಂದು ಅಲ್ಲಾಡ್ತಿಲ್ಲ. ಬೋಲ್ಟು ತುಕ್ಕು ಹಿಡಿದು ಜಾಮ್ ಆಗಿದ್ಯಂತೆ, ಎಣ್ಣೆ ಬಿಟ್ಟು ಕೆಲವು ದಿನ ಕಾಯ್ಬೇಕಂತೆ. ಮೇಲಿನ ದೀಪದ್ದೂ ಅದೇ ಕಥೆ."

ಆ ಬೋಲ್ಟ್‌ಗಳನ್ನು ಒರೆಸುತ್ತಿದ್ದವಳು ನಾನು. ತುಕ್ಕಿನ ಚುಕ್ಕೆಯೂ ಇಲ್ಲ.

"ಹೌದು, ಹಳೇ ಟೇಬಲ್ಲು" ಎಂದುಬಿಟ್ಟೆ.

ಮನೆಗೆ ಬಂದು ಕೇಳಿದೆ. ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದರು.

"ಎಲ್ಲಿತ್ತು ರೀ ತುಕ್ಕು?"

"ಹಿಡೀತಾ ಇದೆ. ಟೈಮ್ ಬೇಕು." ತಂಗಿಯ ಕಡೆ ಒಮ್ಮೆ ನೋಡಿದರು. ಮತ್ತೆ ಆಲೂಗಡ್ಡೆ.

ಗೊತ್ತಾದರೆ ಇರುವ ಈ ಕೆಲಸವೂ ಹೋಗುತ್ತದೆ. ಅದನ್ನು ಹೇಳಬೇಕೆಂದುಕೊಂಡೆ. ಪಕ್ಕದಲ್ಲಿ ಕೂತು ಇನ್ನೊಂದು ಆಲೂಗಡ್ಡೆ ಕೈಗೆ ತೆಗೆದುಕೊಂಡೆ, ಅಷ್ಟೇ.

ಮಾರ್ಚ್ 19

ಟೇಬಲ್ಲಿನ ವಿಷಯ ಡಾಕ್ಟರಮ್ಮನ ಕಿವಿಗೆ ಹಾಕಿದೆ. ಪೂರ್ತಿ ಕೇಳಿಸಿಕೊಂಡು, "ನನಗೇನೂ ಗೊತ್ತಿಲ್ಲಮ್ಮ" ಎಂದರು. ಬಾಗಿಲವರೆಗೆ ಬಂದ ಮೇಲೆ ಕರೆದರು. "ಈ ವಾರ ನಾನೆಲ್ಲೂ ಹೋಗಲ್ಲ. ಫೋನ್ ಮಾಡು."

ಮಾರ್ಚ್ 23

ಈಗ ಪುರುಸೊತ್ತು.

ಮೊನ್ನೆ ಮಧ್ಯಾಹ್ನ. ಬಟ್ಟೆ ಹಿಂಡುತ್ತಿದ್ದ ನಾದಿನಿ ಗೋಡೆ ಹಿಡಿದು ನಿಂತಳು. "ಅತ್ತಿಗೆ... ಈಗಲೇ." ಇವರು ಪಕ್ಕದ ಮನೆಯ ಕಾರು ತಂದರು. ವಾರ್ಡಿನ ಕೀಲಿ ಇವರ ಜೇಬಿನಲ್ಲೇ ಇತ್ತು. ಫೋನ್ ಮಾಡಿದ್ದಕ್ಕೆ ಡಾಕ್ಟರಮ್ಮ ನಮಗಿಂತ ಮೊದಲೇ ಬಂದು ಬಾಗಿಲಾಚೆಯ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದರು.

ಟೇಬಲ್ ಮೇಲೆ ಮಲಗಿಸಿದ್ದೇ ತಡ, ಮಗುವಿನ ತಲೆ ಕಂಡಿತು. ಹೊಕ್ಕುಳ ಬಳ್ಳಿ ಕುತ್ತಿಗೆಗೆ ಸುತ್ತಿಕೊಂಡಿತ್ತು. ಡಾಕ್ಟರಮ್ಮ ಬೆರಳು ತೂರಿಸಿ ಬಿಡಿಸಿದರು. ಮಗು ನೀಲಿ. ಸದ್ದಿಲ್ಲ. ದಾರಿಯಲ್ಲಾಗಿದ್ದರೆ... ಬೆನ್ನು ಉಜ್ಜಿದೆ, ಅಂಗಾಲು ತಟ್ಟಿದೆ, ಮತ್ತೆ ಉಜ್ಜಿದೆ. ನಾದಿನಿ ಕೇಳುತ್ತಲೇ ಇದ್ದಳು, "ಯಾಕೆ ಅಳ್ತಿಲ್ಲ? ಅತ್ತಿಗೆ, ಯಾಕೆ ಅಳ್ತಿಲ್ಲ?"

ಅತ್ತಳು. ಖಾಲಿ ವಾರ್ಡಿನಲ್ಲಿ ಮಗುವಿನ ಅಳು ಎಷ್ಟು ದೊಡ್ಡದು.

ಹೊರಗೆ ಇವರು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದರು. ಪಕ್ಕದಲ್ಲಿ ಕಾಂಟ್ರಾಕ್ಟರ್. ಎಷ್ಟು ಹೊತ್ತಿನಿಂದ ನಿಂತಿದ್ದನೋ.

"ಬೋಲ್ಟು ಸಡಿಲ ಆಯ್ತೇನ್ರಿ ಈಗ?"

"ಆದಂಗಿದೆ ಸ್ವಾಮಿ" ಎಂದರು ಇವರು, ತಲೆ ಎತ್ತದೆ.

ಅವನು ಬಾಗಿಲ ಕಡೆ ನೋಡಿದ. "ಮಗುವನ್ನ ಬೆಚ್ಚಗಿಡಿ. ಟೇಬಲ್ ಆಮೇಲೆ ನೋಡೋಣ."

ಮಾರ್ಚ್ 25

ಇವತ್ತು ಟೇಬಲ್ ಹೋಯಿತು. ಕೊನೆಯ ಬೋಲ್ಟಿಗೆ ಇವರು ನನ್ನನ್ನು ಕರೆದು ಸ್ಪ್ಯಾನರ್ ಕೊಟ್ಟರು. "ಎಡಕ್ಕೆ ತಿರುಗಿಸು." ಎಷ್ಟು ಸಲೀಸಾಗಿ ಬಂತು. ಅಳು ತಡೆಯಲಾಗಲಿಲ್ಲ. ಇವರು ಆಚೆ ತಿರುಗಿ, ಜೋಡಿಸಿಟ್ಟಿದ್ದ ಸಾಮಾನನ್ನೇ ಮತ್ತೆ ಜೋಡಿಸುತ್ತಾ ನಿಂತರು.

ಏಪ್ರಿಲ್ 1, ಬೆಳಿಗ್ಗೆ

ದೊಡ್ಡಾಸ್ಪತ್ರೆಗೆ ಮೊದಲ ದಿನ. ಯೂನಿಫಾರ್ಮ್‌ಗೆ ಇಸ್ತ್ರಿ ಆಗಿದೆ, ಅತ್ತೆಯ ಕೆಲಸ. ಕಾಂಟ್ರಾಕ್ಟರ್ ಇವರನ್ನು ಇನ್ನೊಂದು ಊರಿನ ವಾರ್ಡ್ ಬಿಚ್ಚಲು ಕರೆದಿದ್ದ. "ಒಂದೇ ಸಾಕು" ಎಂದರಂತೆ. ಮುಂದೇನೋ, ನೋಡಬೇಕು. ನಾದಿನಿಯ ಗಂಡ ಇವತ್ತು ಮಗಳನ್ನು ನೋಡಲು ಬರುತ್ತಾನೆ.

ಸ್ಟಾಪಿನವರೆಗೆ ಬರುತ್ತೇನೆ ಎನ್ನುತ್ತಿದ್ದಾರೆ ಇವರು. ಬೇಡ ಎಂದೆ. ಆಗಲೇ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ, ತೋಳಲ್ಲಿ ಮಗು. "ಇವಳೂ ಬರ್ತಾಳಂತೆ." ಇಷ್ಟು ಎಳೆಯ ಕೂಸನ್ನು ಯಾರಾದರೂ ರಸ್ತೆಗೆ... ಟೋಪಿಯಾದರೂ ಹಾಕಿದ್ದಾರೋ ಇಲ್ಲವೋ, ಗಾಳಿ —